ರಕ್ತ ನಮ್ಮದು, ರಿಪೋರ್ಟು ಕಂಪನಿಯದ್ದು!



ಈ ಸಲ ಪಠ್ಯಪುಸ್ತಕ ತಡವಾದ ಗೋಳಿಲ್ಲ. ಕನ್ನಡ ಅಕ್ಷರ ಬಾರದವರನ್ನು ಕನ್ನಡ ಶಾಲೆಗೆ ನೇಮಿಸಿದ ಗೋಳೂ ಇಲ್ಲ. ಅವೆಲ್ಲ ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಮ್ಮೆ ಬರೆಯೋಣ. ಈ ಸಲ ನಮ್ಮ ಮೈಯೊಳಗೆ ಹರಿಯುವ ರಕ್ತದ ವಿಷಯ. ಅದು ಮೈಯೊಳಗಿರುವ ತನಕ ನಮ್ಮದು, ಸರಿ. ವಿಮಾ ಕಂಪನಿಯ ಸೂಜಿಯೊಳಗೆ ಹೋದ ಮೇಲೆ ಯಾರದ್ದು? ಇದೇ ಪ್ರಶ್ನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇವೆ. ವಯಸ್ಸು ಮೇಲಾದವರು ಆರೋಗ್ಯ ವಿಮೆಗೆ ಅರ್ಜಿ ಹಾಕಿದರೆ, ಅಥವಾ ಯಾರೇ ಆಗಲಿ ದೊಡ್ಡ ಮೊತ್ತದ ಜೀವ ವಿಮೆ ಕೇಳಿದರೆ, ಕಂಪನಿ ಮೊದಲು ಮೆಡಿಕಲ್ ಮಾಡಿಸುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಡಬ್ಬಿಯಲ್ಲಿ ಮೂತ್ರ ಕೊಡಬೇಕು, ಎದೆಗೆ ವಯರು ಅಂಟಿಸಿಕೊಂಡು ಇ.ಸಿ.ಜಿ.ಗೆ ಮಲಗಬೇಕು. ಸಕ್ಕರೆ, ಕೊಲೆಸ್ಟರಾಲ್, ಕ್ರಿಯಾಟಿನಿನ್, ಲಿವರಿನ ಲೆಕ್ಕ, ಮೊತ್ತ ದೊಡ್ಡದಾದರೆ ಎಚ್.ಐ.ವಿ. ಕೂಡ. ರಿಪೋರ್ಟು ತಯಾರಾಗಿ ನೇರವಾಗಿ ಕಂಪನಿಗೆ ಹೋಗುತ್ತದೆ. ಹಿಂದೆ ಅಂಟಿಸಿ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತಿತ್ತು, ಈಗ ಕಂಪ್ಯೂಟರಿನಲ್ಲಿ ಹೋಗುತ್ತದೆ. ರಕ್ತ ಕೊಟ್ಟವರ ಕೈಗೆ ಮಾತ್ರ ತಾನಾಗಿ ಬರುವುದಿಲ್ಲ.

ಕೊನೆಗೆ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಪಾಲಿಸಿ ಕೊಟ್ಟಿದ್ದೇವೆ. ಅಥವಾ, ಕೊಡುತ್ತೇವೆ, ಆದರೆ ಪ್ರೀಮಿಯಂ ಇಷ್ಟು ಹೆಚ್ಚು. ಅಥವಾ, ಕೊಡುವುದಿಲ್ಲ. ಯಾಕೆ ಸ್ವಾಮಿ? ‘ನಮ್ಮ ಅಂಡರ್‌ರೈಟಿಂಗ್ ನೀತಿಯ ಪ್ರಕಾರ.’ ಮುಗಿಯಿತು.

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಾಠ ಮಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುವುದು ಉತ್ತರಪತ್ರಿಕೆಯ ಲೆಕ್ಕದಲ್ಲಿ. ಒಬ್ಬ ಹುಡುಗಿ ಪರೀಕ್ಷೆ ಬರೆದಳು. ನಾವು ತಿದ್ದಿ ‘ನೀನು ಫೇಲು’ ಎಂದೆವು. ‘ಎಷ್ಟು ಮಾರ್ಕು ಸಾರ್? ಯಾವ ಲೆಕ್ಕ ತಪ್ಪಿತು?’ ಎಂದು ಕೇಳಿದಳು. ‘ಅದು ಶಾಲೆಯ ಆಂತರಿಕ ದಾಖಲೆ, ಹೇಳುವಂತಿಲ್ಲ’ ಎಂದೆವು ಅಂತ ಇಟ್ಟುಕೊಳ್ಳಿ. ಮರುದಿನ ಅವಳ ಅಪ್ಪ ಶಾಲೆಯ ಗೇಟಿನ ಹತ್ತಿರ ನಮ್ಮನ್ನು ಹಿಡಿದು ನಿಲ್ಲಿಸದಿದ್ದರೆ ನಮ್ಮ ಪುಣ್ಯ. ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಮಾನವಾಗಿದೆ. ೨೦೧೧ರ ಆಗಸ್ಟಿನಲ್ಲಿ, ಸಿ.ಬಿ.ಎಸ್.ಇ. ಪರೀಕ್ಷೆ ಬರೆದ ವಿದ್ಯಾರ್ಥಿಯ ಪ್ರಕರಣದಲ್ಲಿ, ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಬರೆದವರಿಗೆ ಇದೆ ಎಂದು ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ತೀರ್ಪಾಯಿತು. ಪರೀಕ್ಷಾ ಮಂಡಳಿ ‘ನಾವು ನಂಬಿಕೆಯ ಮೇಲೆ ಇಟ್ಟುಕೊಂಡ ಕಾಗದ’ ಎಂಬ ನೆಪ ಹೇಳಿತ್ತು. ನಂಬಿಕೆಯ ಮೇಲೇ ಇಟ್ಟುಕೊಂಡದ್ದು ಎಂದರೂ, ಅದು ಯಾರ ಹಿತಕ್ಕಾಗಿಯೋ ಅವರಿಗೇ ಅದನ್ನು ಮುಚ್ಚಿಡಲು ಆಗದು ಎಂದಿತು ಕೋರ್ಟು.

ಉತ್ತರಪತ್ರಿಕೆಯಲ್ಲಿ ಇರುವುದು ನಮ್ಮ ಮೂರು ಗಂಟೆಯ ಬರವಣಿಗೆ. ರಕ್ತದ ರಿಪೋರ್ಟಿನಲ್ಲಿ ಇರುವುದು ನಮ್ಮ ಆಯುಸ್ಸು. ಮೊದಲನೆಯದನ್ನು ನೋಡಬಹುದಂತೆ, ಎರಡನೆಯದನ್ನು ನೋಡಬಾರದಂತೆ!

ನಮ್ಮ ಬಳಗದ ಒಬ್ಬ ಮಾಸ್ಟ್ರ ಕತೆ ಕೇಳಿ. ಅವರ ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಇದು ಒಂದು ಕಂಪನಿಯ ಮೇಲಿನ ಜಗಳವಲ್ಲ. ವಯಸ್ಸು ೪೭. ಹೆಂಡತಿ ಮಕ್ಕಳನ್ನೂ ಸೇರಿಸಿ ಆರೋಗ್ಯ ವಿಮೆಗೆ ಅರ್ಜಿ ಹಾಕಿದರು. ಲ್ಯಾಬಿನ ಹುಡುಗ ಬೆಳಿಗ್ಗೆ ಮನೆಗೇ ಬಂದು ಮೂರು ಟ್ಯೂಬು ರಕ್ತ ತೆಗೆದುಕೊಂಡು ಹೋದ. ಮೂರು ವಾರ ಕಳೆದು ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪತ್ರ ಬಂತು. ನಿಮ್ಮ ವೈದ್ಯಕೀಯ ವರದಿಗಳನ್ನು ಪರಿಶೀಲಿಸಿದ ಮೇಲೆ ಪಾಲಿಸಿ ಕೊಡಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿದ್ದೇವೆ, ಕಟ್ಟಿದ ಹಣ ವಾಪಸು ಬರುತ್ತದೆ ಎಂದಿತ್ತು. ಹಣ ಬಂತು, ಸುಳ್ಳು ಹೇಳಬಾರದು. ರಿಪೋರ್ಟು ಬರಲಿಲ್ಲ.

ಕಂಪನಿಗೆ ಫೋನು ಮಾಡಿದರೆ ‘ಲ್ಯಾಬಿನಲ್ಲಿ ಕೇಳಿ’ ಎಂದರು. ಲ್ಯಾಬಿನಲ್ಲಿ ಕೇಳಿದರೆ ‘ನಮಗೆ ಗಿರಾಕಿ ಕಂಪನಿ, ನೀವಲ್ಲ’ ಎಂದರು. ಈ-ಮೇಲ್ ಕಳಿಸಿದರೆ ‘ಆಂತರಿಕ ಮತ್ತು ಗೌಪ್ಯ’ ಎಂಬ ಉತ್ತರ. ಏಜೆಂಟರು ‘ಬಿಡಿ ಮಾಸ್ಟ್ರೇ, ಬೇರೆ ಕಂಪನಿಯಲ್ಲಿ ನೋಡುವಾ’ ಎಂದರು. ನಾಲ್ಕು ತಿಂಗಳು ಕಳೆಯಿತು. ಕಾಲಿನ ಒಂದು ಸಣ್ಣ ಗಾಯ ಮಾಯದೆ ಮಂಗಳೂರಿಗೆ ಹೋದಾಗ ಡಾಕ್ಟರು ಎಚ್‌ಬಿಎ೧ಸಿ ಮಾಡಿಸಿದರು. ೯ರ ಮೇಲಿತ್ತು. ೬.೫ ಆದರೇ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಅದು ಮೂರು ತಿಂಗಳಷ್ಟರ ಸರಾಸರಿಯನ್ನು ಹೇಳುವ ಪರೀಕ್ಷೆ, ನಿನ್ನೆ ತಿಂದ ಹೋಳಿಗೆಯ ಲೆಕ್ಕವಲ್ಲ. ಕಂಪನಿಯ ಕಾಗದದಲ್ಲಿ ಆ ದಿನ ಎಷ್ಟಿತ್ತು ಎಂಬುದು ನಮ್ಮ ಮಾಸ್ಟ್ರಿಗೆ ಇಂದಿಗೂ ತಿಳಿಯದು. ಆದರೆ ಏನೋ ಇತ್ತು ಎಂಬುದಕ್ಕೆ ಕಂಪನಿಯ ಪತ್ರವೇ ಸಾಕ್ಷಿ. ಅಪಾಯ ಕಂಡು ತಾನು ಹಿಂದೆ ಸರಿದು, ಅಪಾಯದಲ್ಲಿ ಇರುವವನಿಗೆ ಮಾತ್ರ ಹೇಳದೆ ಇರುವುದಕ್ಕೆ ನಮ್ಮೂರಲ್ಲಿ ಒಳ್ಳೆಯ ಹೆಸರಿಲ್ಲ. ಬಾವಿಯ ಕಟ್ಟೆ ಕುಸಿಯುವುದನ್ನು ನೋಡಿದವ ತಾನು ಮಾತ್ರ ದೂರ ನಿಂತು ನೀರು ಸೇದುವವಳಿಗೆ ಹೇಳದಿದ್ದರೆ ಅವನನ್ನು ಏನೆನ್ನುತ್ತೀರಿ?

ಪಾಲಿಸಿ ಸಿಕ್ಕಿದವರ ಕತೆ ಇನ್ನೊಂದು ತರ. ‘ಮೆಡಿಕಲ್ ಪಾಸಾಯ್ತು’ ಎಂದು ಹೇಳಿಕೊಂಡು ಓಡಾಡುತ್ತಾರೆ. ಅದು ಆರೋಗ್ಯದ ಸರ್ಟಿಫಿಕೇಟ್ ಎಂದೇ ಅವರ ಭಾವನೆ. ಕಂಪನಿ ನೋಡುವುದು ತನ್ನ ನಷ್ಟ ಲಾಭದ ಗೆರೆಯನ್ನು, ಡಾಕ್ಟರು ನೋಡುವ ಗೆರೆಯನ್ನಲ್ಲ. ಎಚ್‌ಬಿಎ೧ಸಿ ೫.೭ರಿಂದ ೬.೪ರ ನಡುವೆ ಇದ್ದರೆ ವೈದ್ಯರು ಎಚ್ಚರಿಸುತ್ತಾರೆ. ಅನ್ನ ಕಡಿಮೆ ಮಾಡಿ, ನಡೆಯಿರಿ ಎನ್ನುತ್ತಾರೆ. ಕಂಪನಿ ಅದೇ ಅಂಕಿಗೆ ಪಾಲಿಸಿ ಕೊಟ್ಟು ಸುಮ್ಮನಾಗಬಹುದು. ತಿರಸ್ಕಾರವಾದರೂ ಮೌನ, ಸ್ವೀಕಾರವಾದರೂ ಮೌನ. ಎರಡೂ ಕಡೆ ತಿಳಿಯದೆ ಉಳಿಯುವವರು ನಾವೇ.

ಈಗ ಕಂಪನಿಯವರ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಪರೀಕ್ಷೆಯ ಖರ್ಚು ನಮ್ಮದು, ಆದ್ದರಿಂದ ರಿಪೋರ್ಟು ನಮ್ಮದು.’ ಇದು ಪೂರ್ತಿ ನಿಜವೂ ಅಲ್ಲ. ೨೦೧೬ರ ಆರೋಗ್ಯ ವಿಮಾ ನಿಯಮಾವಳಿಯಲ್ಲಿ ಇದ್ದದ್ದು ಏನು? ಅರ್ಜಿ ಸ್ವೀಕಾರವಾದರೆ ಪರೀಕ್ಷೆಯ ಖರ್ಚಿನಲ್ಲಿ ಕನಿಷ್ಠ ಶೇಕಡಾ ೫೦ನ್ನು ಕಂಪನಿ ಕೊಡಬೇಕು ಎಂದು. ಅಂದರೆ ಉಳಿದ ಅರ್ಧ ನಮ್ಮ ತಲೆಯ ಮೇಲೆ ಬರಬಹುದಿತ್ತು. ಸರಿ, ಖರ್ಚು ಪೂರ್ತಿ ಕಂಪನಿಯದ್ದೇ ಎಂದು ಇಟ್ಟುಕೊಳ್ಳೋಣ. ಕಾಗದದ ಬೆಲೆ ಕೊಟ್ಟವರಿಗೆ ಕಾಗದ ಸೇರಲಿ, ಬೇಡ ಎಂದವರು ಯಾರು? ನಾವು ಕೇಳುವುದು ಒಂದು ಪ್ರತಿ ಮಾತ್ರ. ಪ್ರತಿ ಕೊಟ್ಟರೆ ಮೂಲ ಸವೆಯುತ್ತದೆಯೇ?

ಎರಡನೆಯದು, ‘ಅದು ನಮ್ಮ ಆಂತರಿಕ ದಾಖಲೆ.’ ಇಲ್ಲಿ ಎರಡನ್ನು ಬೇಕೆಂದೇ ಒಂದು ಮಾಡುತ್ತಾರೆ. ರಿಪೋರ್ಟು ನೋಡಿ ಕಂಪನಿಯ ಅಧಿಕಾರಿ ತನ್ನ ಕಡತದಲ್ಲಿ ಬರೆದ ಟಿಪ್ಪಣಿ ಬೇರೆ, ಸಕ್ಕರೆ ೨೧೦ ಎಂಬ ಅಂಕಿ ಬೇರೆ. ಟಿಪ್ಪಣಿ ಅವರ ಬುದ್ಧಿಯಿಂದ ಬಂತು, ಅವರೇ ಇಟ್ಟುಕೊಳ್ಳಲಿ. ಅಂಕಿ ನಮ್ಮ ನರದಿಂದ ಬಂತು.

ಮೂರನೆಯದು, ‘ನೀವು ರೋಗಿಯಲ್ಲ, ಬರೀ ಅರ್ಜಿದಾರ.’ ಇದು ಬಹಳ ಜಾಣತನದ ವಾದ. ೨೦೦೨ರ ವೈದ್ಯಕೀಯ ಮಂಡಳಿಯ ನಡತೆ ನಿಯಮಗಳ ಪ್ರಕಾರ ರೋಗಿ ದಾಖಲೆ ಕೇಳಿದರೆ ವೈದ್ಯರು ೭೨ ಗಂಟೆಯೊಳಗೆ ಕೊಡಬೇಕು. ಆ ನಿಯಮ ತಮಗೆ ತಟ್ಟದಿರಲಿ ಎಂದೇ ಈ ‘ರೋಗಿಯಲ್ಲ’ ಎಂಬ ಮಾತು. ಸೂಜಿ ಚುಚ್ಚುವಾಗ ಅರ್ಜಿದಾರನ ಕೈ, ರೋಗಿಯ ಕೈ ಎಂದು ಭೇದ ಇದೆಯೇ? ನೋವು ಎರಡಕ್ಕೂ ಒಂದೇ. ರೋಗಿಯಾಗಿ ಆಸ್ಪತ್ರೆಗೆ ಹೋದವನಿಗೆ ದಾಖಲೆಯ ಹಕ್ಕಿದೆ ಎಂದು ಕೇಂದ್ರ ಮಾಹಿತಿ ಆಯುಕ್ತರಾಗಿದ್ದ ಶ್ರೀಧರ್ ಆಚಾರ್ಯುಲು ಅವರು ೨೦೧೪ರಲ್ಲಿ ದೆಹಲಿಯ ಆಸ್ಪತ್ರೆಯೊಂದರ ಪ್ರಕರಣದಲ್ಲಿ ಹೇಳಿದ್ದಾರೆ. ಆರೋಗ್ಯವಂತನೆಂದು ನಂಬಿ ವಿಮೆ ಕೇಳಲು ಹೋದವನಿಗೆ ರೋಗಿಗಿಂತ ಕಡಿಮೆ ಹಕ್ಕು ಎಂದರೆ ಏನರ್ಥ?

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುವುದು ಅದೇ. ‘ರಿಪೋರ್ಟು ಕೈಗೆ ಕೊಟ್ಟರೆ ಜನ ಕಾಯಿಲೆ ಮುಚ್ಚಿಟ್ಟು ಬೇರೆ ಕಂಪನಿಗೆ ಹೋಗುತ್ತಾರೆ.’ ತಲೆಕೆಳಗಾದ ಲೆಕ್ಕ ಇದು. ಕಾಯಿಲೆ ಇದೆ ಎಂದು ಲಿಖಿತವಾಗಿ ತಿಳಿದವನು ಮುಚ್ಚಿಟ್ಟರೆ ಅದು ಮೋಸ, ಹಿಡಿಯುವುದೂ ಸುಲಭ. ತಿಳಿಯದವನನ್ನು ಏನೆಂದು ಹಿಡಿಯುತ್ತೀರಿ? ರಿಪೋರ್ಟು ಕೊಟ್ಟರೆ ಮುಚ್ಚಿಡುವುದು ಕಷ್ಟವಾಗುತ್ತದೆ, ಸುಲಭವಾಗುವುದಿಲ್ಲ.

ಕೇಳಿದರೆ ಕೊಡುವ ಕಂಪನಿಗಳೂ ಇವೆ. ಅವರಿಗೆ ಕೈ ಮುಗಿಯೋಣ. ಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಹಕ್ಕಾಗಿ ಸಿಗಬೇಕಾದದ್ದು ದಾಕ್ಷಿಣ್ಯವಾಗಿ ಯಾಕೆ ಸಿಗಬೇಕು?

ಇನ್ನು ಈ ಜಗಳದ ತಿರುಳಿಗೆ ಬರೋಣ. ವಿಮೆಯ ಶಾಸ್ತ್ರವೆಲ್ಲ ನಿಂತಿರುವುದು ಒಂದು ತತ್ವದ ಮೇಲೆ. ಪರಮ ಸದ್ಭಾವನೆ ಎನ್ನಿ. ವಿಮೆ ಕೇಳುವವನು ತನಗೆ ಗೊತ್ತಿರುವ ಮುಖ್ಯ ಸಂಗತಿಯನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು ಎಂಬುದು ಅದರ ಅರ್ಥ. ಅರ್ಜಿಯ ಒಂದೊಂದು ಪುಟದಲ್ಲೂ ಇದರ ಎಚ್ಚರಿಕೆ ಇರುತ್ತದೆ. ಈ ತತ್ವವನ್ನು ೧೭೬೬ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಒಂದು ತೀರ್ಪಿನಲ್ಲಿ ಹೇಳಿದಾಗ, ಅದು ಎರಡೂ ಪಕ್ಷಗಳಿಗೆ ಅನ್ವಯ ಎಂದೇ ಹೇಳಿದ್ದರು. ತನಗೆ ಮಾತ್ರ ಗೊತ್ತಿದ್ದದ್ದನ್ನು ಮುಚ್ಚಿಟ್ಟು ಇನ್ನೊಬ್ಬನನ್ನು ವ್ಯವಹಾರಕ್ಕೆ ಎಳೆಯುವ ಅಧಿಕಾರ ಇಬ್ಬರಿಗೂ ಇಲ್ಲ ಎಂದು. ಇನ್ನೂರೈವತ್ತು ವರ್ಷದಲ್ಲಿ ಕಂಪನಿಗಳು ತತ್ವದ ಅರ್ಧವನ್ನು ಚೆನ್ನಾಗಿ ಬಾಯಿಪಾಠ ಮಾಡಿವೆ. ಇನ್ನರ್ಧ ಮರೆತುಹೋಗಿದೆ.

ಬೇರೆ ಕಂಪನಿಯ ಅರ್ಜಿ ತೆಗೆದು ನೋಡಿ. ‘ಈ ಹಿಂದೆ ನಿಮ್ಮ ಯಾವುದಾದರೂ ಪ್ರಸ್ತಾವ ತಿರಸ್ಕೃತವಾಗಿದೆಯೇ, ಮುಂದೂಡಲಾಗಿದೆಯೇ, ಹೆಚ್ಚಿನ ಪ್ರೀಮಿಯಂ ಹಾಕಲಾಗಿದೆಯೇ? ಹೌದಾದರೆ ಕಾರಣ ಕೊಡಿ.’ ಕಾರಣ! ನಮ್ಮ ಮಾಸ್ಟ್ರು ಅಲ್ಲಿ ಏನು ಬರೆಯಬೇಕು? ‘ಕಾರಣ ನಿಮ್ಮ ಸೋದರ ಕಂಪನಿಯವರ ಕಪಾಟಿನಲ್ಲಿದೆ’ ಎಂದೇ? ಮುಂದಿನ ಪ್ರಶ್ನೆ, ‘ನಿಮಗೆ ಮಧುಮೇಹ ಇದೆಯೇ?’ ತಿಳಿಯದೆ ‘ಇಲ್ಲ’ ಎಂದು ಬರೆದರೆ ನಾಳೆ ಕ್ಲೇಮಿನ ದಿನ ‘ನೀವು ಮುಚ್ಚಿಟ್ಟಿರಿ’ ಎಂಬ ಆರೋಪ. ಹೇಳಬೇಕಾದದ್ದನ್ನು ನಮ್ಮಿಂದ ಮುಚ್ಚಿಟ್ಟು, ಆಮೇಲೆ ಹೇಳಲಿಲ್ಲವೆಂದು ನಮ್ಮನ್ನೇ ಹಿಡಿಯುವುದು ಯಾವ ಸದ್ಭಾವನೆ?

ಕ್ಲೇಮಿನ ದಿನವೇ ರಿಪೋರ್ಟಿನ ನಿಜವಾದ ಬೆಲೆ ತಿಳಿಯುವುದು. ೧೯೩೮ರ ವಿಮಾ ಕಾಯಿದೆಯ ೪೫ನೇ ಕಲಮು, ೨೦೧೫ರ ತಿದ್ದುಪಡಿಯ ಪ್ರಕಾರ, ಮೂರು ವರ್ಷ ಕಳೆದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸಬಾರದು ಎನ್ನುತ್ತದೆ. ಆರೋಗ್ಯ ವಿಮೆಯಲ್ಲಿ ೬೦ ತಿಂಗಳು ಸತತವಾಗಿ ಕಟ್ಟಿದ ಮೇಲೆ, ಮೋಸ ಸಾಬೀತಾದರೆ ಬಿಟ್ಟು, ‘ಮುಚ್ಚಿಟ್ಟಿರಿ’ ಎಂಬ ನೆಪ ನಡೆಯುವುದಿಲ್ಲ. ೨೦೨೪ರ ಮೊದಲು ಇದು ಎಂಟು ವರ್ಷ ಇತ್ತು. ಆದರೆ ಆ ಗಡುವಿನೊಳಗೆ ಬಂದ ಕ್ಲೇಮು? ‘ಪಾಲಿಸಿಗೆ ಮೊದಲೇ ಕಾಯಿಲೆ ಇತ್ತು’ ಎಂದು ಕಂಪನಿ ಹೇಳಿದರೆ ಉತ್ತರ ಕೊಡಲು ಒಂದು ಕಾಗದ ಬೇಕು. ಪಾಲಿಸಿ ಕೊಡುವ ದಿನ ಕಂಪನಿಯೇ ಮಾಡಿಸಿದ ಪರೀಕ್ಷೆಯ ಕಾಗದ. ಅದರಲ್ಲಿ ಎಲ್ಲ ಸರಿ ಇದ್ದರೆ ನಮ್ಮ ಗೆಲುವು. ಏನಾದರೂ ಇದ್ದು ಕಂಪನಿ ಕಣ್ಣಾರೆ ನೋಡಿ ಪಾಲಿಸಿ ಕೊಟ್ಟಿದ್ದರೂ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲು ಬಾಯಿ ಬರಬಾರದು. ಅರ್ಜಿಯಲ್ಲಿ ಹೇಳಿದ ಕಾಯಿಲೆಯನ್ನು, ವೈದ್ಯಕೀಯ ಸ್ಥಿತಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯ ನೆಪದಲ್ಲಿ ಕ್ಲೇಮು ತಿರಸ್ಕರಿಸುವಂತಿಲ್ಲ ಎಂದು ೨೦೨೧ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿಯೂ ಆಗಿದೆ. ನ್ಯಾಯ ನಮ್ಮ ಕಡೆ ಇದೆ, ಸಾಕ್ಷಿ ಮಾತ್ರ ಎದುರಾಳಿಯ ಬೀಗದೊಳಗಿದೆ. ಇಂಥ ಪಂದ್ಯ ನಮ್ಮ ಶಾಲೆಯ ಮೈದಾನದಲ್ಲೂ ನಡೆಯುವುದಿಲ್ಲ.

ಎಚ್.ಐ.ವಿ. ಪರೀಕ್ಷೆಯ ವಿಷಯದಲ್ಲಂತೂ ಮೌನ ಬರೀ ಅನ್ಯಾಯವಲ್ಲ, ಕಾನೂನಿಗೇ ವಿರುದ್ಧ. ೨೦೧೭ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ೨೦೧೮ರ ಸೆಪ್ಟೆಂಬರ್ ೧೦ರಂದು ಜಾರಿಗೆ ಬಂತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಪರೀಕ್ಷೆಯ ಮೊದಲೂ ನಂತರವೂ ಆಪ್ತಸಲಹೆ ಕೊಡಬೇಕು ಎಂದು ಅದರಲ್ಲಿದೆ. ಫಲಿತಾಂಶವನ್ನೇ ಹೇಳದವರು ಪರೀಕ್ಷೆಯ ನಂತರ ಕೊಡುವ ಸಲಹೆಯಾದರೂ ಏನು? ಹತ್ತು ಪುಟದ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ರುಜು ಹಾಕಿಸಿಕೊಂಡರೆ ಅದು ತಿಳಿದು ಕೊಟ್ಟ ಒಪ್ಪಿಗೆಯೇ?

ಸಣ್ಣ ಅಕ್ಷರ ಎಂದಾಗ ನಮ್ಮ ಹಳೆಯ ಹುಣ್ಣು ನೆನಪಾಗುತ್ತದೆ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ, ಕನ್ನಡದಲ್ಲಿ ರುಜು ಹಾಕುವವರು ಸಾವಿರಾರು ಮಂದಿ. ಅರ್ಜಿ ಇಂಗ್ಲಿಷಿನಲ್ಲಿ. ತುಂಬುವವರು ಏಜೆಂಟರು. ‘ಇದರಲ್ಲಿರುವುದನ್ನೆಲ್ಲ ಅರ್ಜಿದಾರರಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ’ ಎಂಬ ಘೋಷಣೆಗೂ ರುಜು ಅವರದ್ದೇ. ವಿವರಿಸಿದರೋ ಇಲ್ಲವೋ ದೇವರೇ ಬಲ್ಲ. ೨೦೦೨ರ ವಿಮಾ ನಿಯಮಗಳಲ್ಲಿ, ಸಂದರ್ಭ ನೋಡಿಕೊಂಡು ಸಂವಿಧಾನ ಮಾನ್ಯ ಭಾಷೆಗಳಲ್ಲಿ ನಮೂನೆಗಳನ್ನು ಕೊಡಬಹುದು ಎಂದು ಬರೆದಿದ್ದರು. ಕೊಡಬೇಕು ಎಂದಲ್ಲ, ಕೊಡ‘ಬಹುದು’. ಆ ಒಂದು ‘ಬಹುದು’ವಿನ ಹಿಂದೆ ಎಷ್ಟು ಕಂಪನಿಗಳು ಅಡಗಿ ಕುಳಿತವು! ೨೦೨೪ರ ಜನವರಿ ೧ರಿಂದ ಪಾಲಿಸಿಯ ಸಾರಾಂಶ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು, ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದಾಗಿದೆ. ಒಳ್ಳೆಯದೇ. ಆದರೆ ೬೭೧ರಿಂದ ಶುರುವಾಗುವ ಪಿನ್‌ಕೋಡ್ ನೋಡಿದ ಕಂಪನಿಗೆ ಸ್ಥಳೀಯ ಭಾಷೆ ಎಂದರೆ ಮಲಯಾಳ ಒಂದೇ. ಮಲಯಾಳದ ಮೇಲೆ ನಮಗೆ ಮುನಿಸಿಲ್ಲ, ಮನೆಯ ಆಚೆ ದಿನವೂ ಆಡುವ ಭಾಷೆ. ಆದರೆ ಆಯುಸ್ಸಿನ ವಿಷಯವನ್ನು ತಾಯಿನುಡಿಯಲ್ಲಿ ತಿಳಿಯಬೇಕೆಂದರೆ ಅದು ದುರಾಸೆಯೇ? ಚಿಕಿತ್ಸೆಗೆ ಹೋಗುವುದು ಮಂಗಳೂರಿಗೆ, ದೂರು ಕೇಳುವ ವಿಮಾ ಲೋಕಪಾಲರು ಕೊಚ್ಚಿಯಲ್ಲಿ, ಪತ್ರ ಬರುವುದು ಇಂಗ್ಲಿಷಿನಲ್ಲಿ. ಗಡಿನಾಡಿನವರಿಗೆ ಮುಚ್ಚಿದ ರಿಪೋರ್ಟಿಗೆ ಎರಡು ಬೀಗ.

ಕೈಯಲ್ಲಿ ಕಾಗದ ಇಲ್ಲದವನ ಪಾಡು ಏನೆಂದು ಈ ಜಿಲ್ಲೆಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಂತದ್ದು ೨೦೦೦ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು ೨೦೧೧ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ೫ ಲಕ್ಷ ರೂಪಾಯಿ ಕೊಡಿ ಎಂದು ಅದೇ ಕೋರ್ಟು ಕೇರಳ ಸರಕಾರಕ್ಕೆ ಹೇಳಿದ್ದು ೨೦೧೭ರ ಜನವರಿಯಲ್ಲಿ. ಎಣ್ಮಕಜೆಯ ಎಷ್ಟು ತಾಯಂದಿರು ವೈದ್ಯಕೀಯ ಶಿಬಿರದಲ್ಲಿ ಮಗುವನ್ನು ಎತ್ತಿಕೊಂಡು ಸರತಿಯಲ್ಲಿ ನಿಂತರು, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಎಷ್ಟು ಆಫೀಸು ಅಲೆದರು! ಕಾಯಿಲೆ ಮೈಮೇಲೆ ಕಣ್ಣಿಗೆ ಕಂಡರೂ ಕಾಗದದಲ್ಲಿ ಕಾಣದಿದ್ದರೆ ಅದು ಸರಕಾರಕ್ಕೆ ಕಾಯಿಲೆಯಲ್ಲ. ಅದನ್ನು ನೋಡಿ ಬೆಳೆದವರು ನಾವು. ಮೈಯ ಬಗ್ಗೆ ಬರೆದ ಕಾಗದ ಆ ಮೈಯವರ ಕೈಯಲ್ಲೇ ಇರಬೇಕು ಎಂಬುದು ನಮಗೆ ಪುಸ್ತಕದಿಂದ ಬಂದ ಜ್ಞಾನವಲ್ಲ.

ಹಾಗಾದರೆ ಏನು ಮಾಡಬಹುದು? ಬೈದು ಸುಮ್ಮನಾಗುವುದು ನಮ್ಮ ಅಭ್ಯಾಸವಲ್ಲ. ತಿಳಿದಷ್ಟು ಹೇಳುತ್ತೇವೆ, ಬರೆದಿಟ್ಟುಕೊಳ್ಳಿ.

೧. ರಕ್ತ ಕೊಡುವ ಮೊದಲೇ ಕೇಳಿ. ಪರೀಕ್ಷೆಯ ಒಪ್ಪಿಗೆಗೆ ರುಜು ಹಾಕುವಾಗ, ರುಜುವಿನ ಕೆಳಗೇ ‘ಎಲ್ಲ ಪರೀಕ್ಷೆಗಳ ವರದಿಯ ಒಂದು ಪ್ರತಿ ನನಗೆ ಕೊಡಬೇಕು’ ಎಂದು ಸ್ವಂತ ಕೈಯಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪಕ್ಕದಲ್ಲಿ ಬೇಕಾದರೆ ಇಂಗ್ಲಿಷಿನಲ್ಲಿ. ಆ ಪುಟದ ಫೋಟೋ ಇಟ್ಟುಕೊಳ್ಳಿ. ಯಾವ ಲ್ಯಾಬು, ಯಾವ ದಿನ, ಯಾವ ನಂಬರು ಎಂಬುದನ್ನೂ.

೨. ಪಾಲಿಸಿ ಬಂದಿದ್ದರೆ ಅರ್ಜಿಯ ಪ್ರತಿಯನ್ನು ಕೇಳಿ. ಒಪ್ಪಿದ ಮೇಲೆ ಅದನ್ನು ಉಚಿತವಾಗಿ ಕೊಡಬೇಕು ಎಂಬ ನಿಯಮ ೨೦೦೨ರಿಂದಲೂ ಬಂದದ್ದು. ಅದರ ಜೊತೆಗೇ ರಿಪೋರ್ಟನ್ನೂ ಕೇಳಿ.

೩. ಕಂಪನಿ ಎಲ್.ಐ.ಸಿ. ಅಥವಾ ಸರಕಾರಿ ಸಾಮಾನ್ಯ ವಿಮಾ ಕಂಪನಿ ಆಗಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯಿದೆ ಇದೆ. ೧೦ ರೂಪಾಯಿ ಶುಲ್ಕ, ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ, ೩೦ ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗ. ‘ಅದು ವೈಯಕ್ತಿಕ ಮ�ಾಹಿತಿ, ಕೊಡುವಂತಿಲ್ಲ’ ಎಂದರೆ ನಗಬೇಡಿ, ಉತ್ತರ ಕೊಡಿ. ೨೦೨೫ರ ನವೆಂಬರಿನಲ್ಲಿ ೮(೧)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಯ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಆ ನೆಪ ಇನ್ನು ಹೆಚ್ಚಾಗಿ ಕೇಳಬಹುದು. ನಮ್ಮ ಮಾಹಿತಿಯನ್ನು ನಮ್ಮಿಂದಲೇ ಕಾಪಾಡುವುದು ಆ ಕಲಮಿನ ಉದ್ದೇಶವಲ್ಲ ಎಂದು ಬರೆಯಿರಿ.

೪. ಖಾಸಗಿ ಕಂಪನಿಯಾದರೆ ಮೊದಲು ಅವರದ್ದೇ ದೂರು ಅಧಿಕಾರಿಗೆ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲಿ ದೂರು ದಾಖಲಿಸಿ. ೧೫೫೨೫೫ಕ್ಕೆ ಫೋನೂ ಮಾಡಬಹುದು. ಖಾಸಗಿ ಸಂಸ್ಥೆಯಿಂದ ಬೇರೆ ಕಾಯಿದೆಯ ಬಲದಲ್ಲಿ ಸರಕಾರಿ ಪ್ರಾಧಿಕಾರ ಪಡೆಯಬಹುದಾದ ಮಾಹಿತಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದು ಆ ಕಾಯಿದೆಯ ೨(ಎಫ್) ಕಲಮು ಹೇಳುತ್ತದೆ. ಅಂದರೆ ಪ್ರಾಧಿಕಾರಕ್ಕೇ ಅರ್ಜಿ ಹಾಕುವ ದಾರಿಯೂ ತೆರೆದಿದೆ.

೫. ಭಾಷೆಯ ವಿಷಯದಲ್ಲಿ ಹಿಂಜರಿಯಬೇಡಿ. ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಸಂವಿಧಾನದ ೩೫೦ನೇ ವಿಧಿಯಲ್ಲಿದೆ. ರಾಜ್ಯದ ಕಚೇರಿಗಳ ಜೊತೆ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ವ್ಯವಹರಿಸಲು ೧೯೬೯ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೂ ಅವಕಾಶ ಇದೆ.

ಇಷ್ಟೆಲ್ಲ ದಾರಿ ಇದೆಯಲ್ಲ, ಮತ್ತೇನು ತಕರಾರು ಎನ್ನುತ್ತೀರಾ? ತಕರಾರು ಇದೇ. ಒಂದು ಹಾಳೆಗಾಗಿ ಇಷ್ಟು ದಾರಿ ಸುತ್ತಬೇಕಾಗಿದೆಯಲ್ಲ! ಬೀಡಿ ಕಟ್ಟುವ ಅಕ್ಕ, ಅಡಿಕೆ ತೋಟದ ಕೆಲಸಕ್ಕೆ ಹೋಗುವ ಅಣ್ಣ ೮(೧)(ಜೆ) ಕಲಮಿನ ಜೊತೆ ಕುಸ್ತಿ ಮಾಡಬೇಕೇ? ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯ ಮೇಲೆ ನಮಗೂ ಆಸೆ ಇತ್ತು. ದತ್ತಾಂಶ ಪಡೆಯುವಾಗ ಕೊಡುವ ಸೂಚನೆಯನ್ನು ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು ಎಂದು ಅದರಲ್ಲಿದೆ. ಕನ್ನಡಕ್ಕೆ ಪಿನ್‌ಕೋಡ್ ಕೇಳುವುದಿಲ್ಲ ಎಂದು ಖುಷಿಪಟ್ಟೆವು. ಮುಂದೆ ಓದಿದರೆ, ನಮ್ಮ ದತ್ತಾಂಶದ ಬಗ್ಗೆ ತಿಳಿಯುವ ೧೧ನೇ ಕಲಮು ಕೊಡುವುದು ‘ಸಾರಾಂಶ’ವನ್ನು. ಪ್ರತಿಯನ್ನಲ್ಲ, ಸಾರಾಂಶವನ್ನು! ಅದೂ ೨೦೨೫ರ ನವೆಂಬರಿನಲ್ಲಿ ನಿಯಮ ಪ್ರಕಟವಾಗಿ ಅಲ್ಲಿಂದ ೧೮ ತಿಂಗಳ ಗಡುವು. ಸಕ್ಕರೆ ಎಷ್ಟು ಎಂದು ಕೇಳಿದರೆ ‘ನಿಮ್ಮ ಆರೋಗ್ಯ ಮಾಹಿತಿ ನಮ್ಮಲ್ಲಿದೆ’ ಎಂದು ಸಾರಾಂಶ ಕೊಟ್ಟರೆ ಡಾಕ್ಟರಿಗೆ ಏನು ತೋರಿಸೋಣ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಇಲ್ಲಿ ದೇವರೇ ಅರ್ಧ ವರ ಕೊಟ್ಟ ಹಾಗಾಯಿತು.

ನಮ್ಮ ಬೇಡಿಕೆ ಬಹಳ ಸಣ್ಣದು. ವಿಮಾ ಪ್ರಾಧಿಕಾರ ಒಂದು ವಾಕ್ಯದ ಆದೇಶ ಹೊರಡಿಸಲಿ. ವಿಮೆಗಾಗಿ ಮಾಡಿದ ಯಾವುದೇ ವೈದ್ಯಕೀಯ ಪರೀಕ್ಷೆಯ ವರದಿ ಕಂಪನಿಗೆ ತಲುಪುವ ದಿನವೇ, ಕೇಳಲಿ ಬಿಡಲಿ, ಪರೀಕ್ಷೆಗೆ ಒಳಗಾದವರಿಗೂ ತಲುಪಬೇಕು. ಜೊತೆಗೆ, ಗೆರೆ ದಾಟಿದ ಅಂಕಿ ಯಾವುದು ಎಂಬುದನ್ನು ಅವರು ಆರಿಸಿದ ಭಾಷೆಯಲ್ಲಿ ಎರಡು ಸಾಲು ಬರೆದಿರಬೇಕು. ನಮ್ಮ ವಿಮಾ ಶಾಸ್ತ್ರಕ್ಕೆಲ್ಲ ತವರಾದ ಇಂಗ್ಲೆಂಡಿನಲ್ಲಿ, ತನಗೆ ಚಿಕಿತ್ಸೆ ಕೊಡುವ ವೈದ್ಯರು ವಿಮಾ ಕಂಪನಿಗೆ ಬರೆಯುವ ವರದಿಯನ್ನು ಮೊದಲೇ ನೋಡುವ ಹಕ್ಕನ್ನು ೧೯೮೮ರಲ್ಲೇ ಕಾಯಿದೆ ಮಾಡಿ ಕೊಟ್ಟಿದ್ದಾರೆ. ಅಲ್ಲಿಂದ ಎರವಲು ತರುವಾಗ ಕಂಪನಿಗೆ ಬೇಕಾದದ್ದನ್ನು ಮಾತ್ರ ತಂದರೆ ಸಾಕೇ?

ಆ ಆದೇಶ ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ಬಳಗದವರು ಒಂದು ಮಾದರಿ ಪತ್ರ ಮಾಡಿಕೊಂಡಿದ್ದೇವೆ. ನೀವೂ ನಕಲು ಮಾಡಿಕೊಳ್ಳಿ, ಇದಕ್ಕೆ ಕಾಪಿ ಹೊಡೆದರೆ ಮಾರ್ಕು ಕಡಿಯುವುದಿಲ್ಲ.

‘ಮಾನ್ಯರೇ, ಇಂಥ ದಿನ, ಇಂಥ ಪ್ರಸ್ತಾವ ಸಂಖ್ಯೆಗೆ ಸಂಬಂಧಿಸಿ ತಮ್ಮ ಕಂಪನಿಯ ಪರವಾಗಿ ನನ್ನ ರಕ್ತ, ಮೂತ್ರ ಮತ್ತು ಹೃದಯದ ಪರೀಕ್ಷೆ ಮಾಡಲಾಗಿದೆ. ಅವುಗಳ ಪೂರ್ಣ ವರದಿಯ ಪ್ರತಿಯನ್ನು ಕಳಿಸಿಕೊಡಿ. ತಮ್ಮ ಆಂತರಿಕ ಟಿಪ್ಪಣಿ ನನಗೆ ಬೇಡ. ನನ್ನ ದೇಹದ ಅಂಕಿಗಳು ಬೇಕು. ಕೊಡಲು ಸಾಧ್ಯವಿಲ್ಲದಿದ್ದರೆ ಯಾವ ನಿಯಮದ ಯಾವ ಕಲಮಿನ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಫೋನಿನಲ್ಲಿ ‘ಕೊಡುವುದಿಲ್ಲ’ ಎನ್ನುವುದು ಸುಲಭ. ಯಾವ ಕಲಮು ಎಂದು ಬರೆದು ರುಜು ಹಾಕುವುದು ಅಷ್ಟು ಸುಲಭವಲ್ಲ. ಮೆಡಿಕಲ್ ಆದ ಎಲ್ಲರೂ ಈ ವಾರ ಒಂದೊಂದು ಪತ್ರ ಹಾಕೋಣ. ರಿಜಿಸ್ಟರ್ಡ್ ಆಗಿಯೇ ಹಾಕೋಣ, ರಸೀದಿ ಜೋಪಾನವಾಗಿ ಇಡೋಣ.